ಭಾವ ಬಿಡದ ಬೀಡಿ, ನಾನು ಬಿಟ್ಟ ಸಿಗರೇಟು

ಭಾವನ ಅಂಗಿಗಳ ಎದೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಸುಟ್ಟ ತೂತುಗಳಿರುತ್ತಿದ್ದವು. ಬಾಯಲ್ಲಿ ಬೀಡಿ ಕಚ್ಚಿಕೊಂಡು ಮೀನಿನ ಟೆಂಪೊ ಓಡಿಸುವಾಗ ಕಿಟಕಿಯ ಗಾಳಿಗೆ ಕಿಡಿ ಹಾರಿ ಎದೆಯ ಮೇಲೆ ಬೀಳುತ್ತಿತ್ತು. ಅದನ್ನು ಎಡಗೈಯಲ್ಲಿ ತಟ್ಟಿ ಆರಿಸುವುದು ಅವರಿಗೆ ಗೇರು ಬದಲಾಯಿಸಿದಷ್ಟೇ ಸಲೀಸು. ನನ್ನ ತಂಗಿ ಆ ತೂತುಗಳನ್ನು ಬೇಕೆಂದೇ ಬೇರೆ ಬಣ್ಣದ ದಾರದಲ್ಲಿ ಹೊಲಿಯುತ್ತಿದ್ದಳು. ನೀಲಿ ಅಂಗಿಗೆ ಕೆಂಪು ದಾರ, ಬಿಳಿ ಅಂಗಿಗೆ ಹಸಿರು ದಾರ. "ಊರಿಗೆಲ್ಲ ಗೊತ್ತಾಯ್ಲಿ" ಎನ್ನುತ್ತಿದ್ದಳು. ಭಾವ ಅದನ್ನೇ ತೊಟ್ಟು ನನ್ನ ಅಂಗಡಿಯ ಮುಂದೆ ಬಂದು ಎದೆ ಉಬ್ಬಿಸಿ ನಿಲ್ಲುತ್ತಿದ್ದರು. "ಕಾಣಿ ಭಾವ, ನಿಮ್ಮ ತಂಗಿ ಕಸೂತಿ ಹ್ಯಾಂಗಿತ್ತ್?"

ನಮ್ಮ ಕಡೆ ತಂಗಿಯ ಗಂಡನೂ ಭಾವ, ಹೆಂಡತಿಯ ಅಣ್ಣನೂ ಭಾವ. ಹಾಗಾಗಿ ನಾನು ಅವರಿಗೆ ಭಾವ, ಅವರು ನನಗೆ ಭಾವ. ಹೆಸರು ಹಿಡಿದು ಕರೆಯುವ ಪ್ರಸಂಗವೇ ಬರಲಿಲ್ಲ. ಅವರ ಮನೆ ಕಿರಿಮಂಜೇಶ್ವರದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ನನ್ನ ಜೀನಸಿನ ಅಂಗಡಿ ಯಡ್ತರೆಯಲ್ಲಿ. ಬೆಳಗಾಗುವುದರೊಳಗೆ ಗಂಗೊಳ್ಳಿಯ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಬೈಂದೂರು, ಶಿರೂರು ಕಡೆ ಹೊರಡುವ ಅವರು ನನ್ನ ಅಂಗಡಿಯ ಮುಂದೆ ಬಂದಾಗ ಹಾರ್ನು ಹಾಕದೆ ಹೋದದ್ದಿಲ್ಲ. ಬಂಗುಡೆಯೋ ಬೂತಾಯಿಯೋ ಒಳ್ಳೆಯದು ಸಿಕ್ಕಿದ ದಿನ ಒಂದು ಪ್ಲಾಸ್ಟಿಕ್ ಚೀಲ ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಬಂದು ಕೂರುತ್ತಿತ್ತು. ಎಷ್ಟಾಯಿತು ಎಂದು ಕೇಳಿದರೆ ಕೋಪ ಬರುತ್ತಿತ್ತು. ಪ್ರಾಯದಲ್ಲಿ ಮುಂಬಯಿಯ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವರು. ಅಲ್ಲಿಂದ ತಂದದ್ದು ಎರಡು, ಅಂತ ಅವರೇ ಹೇಳುತ್ತಿದ್ದರು: ಒಂದು ಹಿಂದಿ, ಇನ್ನೊಂದು ಬೀಡಿ. ಹಿಂದಿ ಅರ್ಧ ಮರೆತುಹೋಗಿತ್ತು.

ಬೀಡಿ ಮಾತ್ರ ಪೂರ್ತಿ ನೆನಪಿತ್ತು. ಎದ್ದು ಕಾಲು ನೆಲಕ್ಕೆ ತಾಗುವ ಮೊದಲೇ ಅವರ ಕೈ ದಿಂಬಿನ ಅಡಿಗೆ ಹೋಗುತ್ತಿತ್ತು ಎಂದು ತಂಗಿ ಹೇಳುತ್ತಿದ್ದಳು. ಚಾ ಆಮೇಲೆ, ಮುಖ ತೊಳೆಯುವುದು ಇನ್ನೂ ಆಮೇಲೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಾಯಸ ಬರುವ ಹೊತ್ತಿಗೆ ಅವರ ಎಲೆಯ ಮುಂದೆ ಯಾರೂ ಇರುತ್ತಿರಲಿಲ್ಲ. "ಬಂದೆ ಮಾರಾಯ್ರೆ, ಒಂದ್ ನಿಮಿಷ" ಎನ್ನುವುದು ಅವರ ಬಾಯಿಗೆ ಅಂಟಿಕೊಂಡ ಮಾತು. ಆ ಒಂದು ನಿಮಿಷಕ್ಕಾಗಿ ದಿಬ್ಬಣದ ಬಸ್ಸು ಕಾದದ್ದಿದೆ, ಫೋಟೊ ತೆಗೆಯುವವನು ಕಾದದ್ದಿದೆ.

ಆಗ ನಾನೂ ಸೇದುತ್ತಿದ್ದೆ. ನನ್ನದು ಸಿಗರೇಟು. ಊಟವಾದ ಮೇಲೆ ಒಂದು, ಅಂಗಡಿಯ ಬಾಗಿಲು ಹಾಕುವಾಗ ಒಂದು, ಯಾರಾದರೂ ಸ್ನೇಹಿತರು ಬಂದರೆ ಇನ್ನೊಂದು. ಗಿರಾಕಿಗಳು ಹೆಚ್ಚಿದ್ದ ದಿನ ಮಧ್ಯಾಹ್ನದ್ದು ಮರೆತೇ ಹೋಗುತ್ತಿತ್ತು. ಅದನ್ನು ನಾನು ನನ್ನ ಹದ ಎಂದುಕೊಂಡಿದ್ದೆ. ಭಾವನನ್ನು ನೋಡಿ, ಮನುಷ್ಯ ಎಂದ ಮೇಲೆ ಒಂದು ಹಿಡಿತ ಬೇಡವೇ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಹೊಗೆ ಬಿಡುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತು. ಭಾವನ ಮಗಳು ಇನ್ನೂ ತೊಡೆಯ ಮೇಲಿನ ಮಗು. ಅವಳಿಗೆ ಉಬ್ಬಸ. ಎದೆ ಸೊಂಯ್ ಸೊಂಯ್ ಎನ್ನುವ ಆ ಮಗುವನ್ನು ಕುಂದಾಪುರದ ಡಾಕ್ಟರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಯಾರು ಸೇದುತ್ತಾರೆ ಎಂದು. ತಂಗಿ ಗಂಡನ ಮುಖ ನೋಡಿದಳಂತೆ. ಆ ಭಾನುವಾರ ಅವರ ಮನೆಗೆ ಹೋದಾಗ ನಾನೇ ಮಾತು ಎತ್ತಿದೆ. "ಭಾವ, ಇಬ್ರೂ ಬಿಟ್ಬಿಡ್ವ. ಹಟ್ಟಿಯಂಗಡಿಗೆ ಹೋಯಿ ದೇವ್ರ್ ಎದುರಿಗೇ ಹೇಳ್ವ. ಆಗ ಬಾಯಿ ಕಟ್ಟತ್."

ಭಾವ ಕೂಡಲೇ ಒಪ್ಪಿದರು. ಮಗುವಿನ ಬೆನ್ನು ಸವರುತ್ತಾ ಒಪ್ಪಿದರು. ಹಟ್ಟಿಯಂಗಡಿಯ ಸಿದ್ಧಿವಿನಾಯಕನ ಮುಂದೆ ಇಬ್ಬರೂ ಅಕ್ಕಪಕ್ಕ ನಿಂತೆವು. ಭಟ್ಟರು ಕೈಗೆ ಪ್ರಸಾದ ಕೊಟ್ಟರು. "ಇವತ್ತಿನಿಂದ ಮುಟ್ಟುವುದಿಲ್ಲ" ಎಂದು ನಾನು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ. ಭಾವ ತುಟಿ ಮಾತ್ರ ಆಡಿಸಿದರು. ಹೊರಗೆ ಬಂದ ಮೇಲೆ ಜೇಬಿನಲ್ಲಿದ್ದ ಬೀಡಿಕಟ್ಟು, ಬೆಂಕಿಪೆಟ್ಟಿಗೆ ಎರಡನ್ನೂ ತೆಗೆದು ಬಾವಿಕಟ್ಟೆಯ ಹತ್ತಿರ ಇಟ್ಟು, ಅದರ ಕಡೆ ಒಮ್ಮೆ ಕೈಮುಗಿದರು. ನಾವು ನಕ್ಕೆವು.

ನನಗೆ ಏನೂ ಆಗಲಿಲ್ಲ. ಇದನ್ನು ಇಷ್ಟು ವರ್ಷದ ಮೇಲೆ ಹೀಗೆ ನೇರವಾಗಿ ಬರೆಯುವಾಗಲೂ ಕೈ ಹಿಂಜರಿಯುತ್ತದೆ. ಊಟವಾದ ಮೇಲೆ ಏನೋ ಕಡಿಮೆಯಾದಂತೆ ಅನ್ನಿಸುತ್ತಿತ್ತು, ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಸ್ವಲ್ಪ ಆಕಳಿಕೆ. ನಿದ್ದೆಗೆ ಭಂಗವಿಲ್ಲ, ಹಸಿವಿಗೆ ಭಂಗವಿಲ್ಲ. ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ ಬೀಡಿಕಟ್ಟುಗಳು, ಸಿಗರೇಟು ಪ್ಯಾಕುಗಳು ಸಾಲಾಗಿ ಇದ್ದವು. ಕೈ ಚಾಚಿದರೆ ಸಿಗುತ್ತಿದ್ದವು. ಕೈ ಚಾಚಬೇಕು ಅನ್ನಿಸಲೇ ಇಲ್ಲ.

ಭಾವನಿಗೆ ಆದದ್ದು ಬೇರೆ. ಮಾರನೆಯ ದಿನವೇ ಬೆವರು. ಟೆಂಪೊ ಶಿರೂರಿನಲ್ಲಿ ನಿಲ್ಲಿಸಬೇಕಾದದ್ದನ್ನು ಮರೆತು ಭಟ್ಕಳದವರೆಗೆ ಹೋದರಂತೆ. ಕೈ ನಡುಗಿ ಮೀನಿನ ಬುಟ್ಟಿ ರಸ್ತೆಗೆ ಮಗುಚಿತು. ಯಾವತ್ತೂ ದನಿ ಎತ್ತದ ಮನುಷ್ಯ ಗಂಜಿಯ ಬಟ್ಟಲನ್ನು ಗೋಡೆಗೆ ಎಸೆದರು. ಆಮೇಲೆ ತಾವೇ ಕೂತು ಗೋಡೆ ಒರೆಸಿದರು. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿ, ಕೆನ್ನೆ ಒಳಗೆ ಹೋಗಿ, ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಬಂದು ನಿಂತರು. ಹಾರ್ನು ಹಾಕಿರಲಿಲ್ಲ. ಗಲ್ಲಾಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು:

"ಭಾವ, ನಿಮ್ಗೆ ಎಂತದೂ ಆತಿಲ್ಯಾ?"

ಆತಿಲ್ಲೆ ಎಂದು ಹೇಳಿದ್ದರೆ ಆಗುತ್ತಿತ್ತು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ನನ್ನ ವ್ರತದ ಸುದ್ದಿ ಅವರಿಗೂ ಗೊತ್ತಿತ್ತು. ನಾನು ಗಂಭೀರವಾಗಿ ತಲೆಯಾಡಿಸಿ, "ಆತ್ತ್ ಮಾರಾಯ್ರೆ. ತಡ್ಕಣ್ಕ್" ಎಂದೆ.

ತಡೆದುಕೊಳ್ಳಬೇಕು. ತಡೆದುಕೊಳ್ಳಲು ಏನೂ ಇಲ್ಲದವನು ಕೊಟ್ಟ ಸಲಹೆ ಅದು. ಭಾವ "ಹೌದ್, ಹೌದ್, ತಡ್ಕಣ್ಕ್" ಎಂದು ತಮಗೆ ತಾವೇ ಹೇಳಿಕೊಂಡು ಟೆಂಪೊ ಹತ್ತಿದರು. ಆ ಮೇಲೂ ಕೆಲವು ದಿನ ತಡೆದುಕೊಂಡರು. ನಾನು ನಿಜ ಹೇಳಿದ್ದರೆ ಅಷ್ಟು ದಿನ ಸುಮ್ಮನೆ ಒದ್ದಾಡುತ್ತಿರಲಿಲ್ಲವೋ, ಅಥವಾ ಬೇಗ ಯಾರಾದರೂ ಡಾಕ್ಟರನ್ನು ಕೇಳುತ್ತಿದ್ದೆವೋ, ಗೊತ್ತಿಲ್ಲ. ಒಂದು ದಿನ ಅವರ ಅಂಗಿಯ ಎದೆಯ ಮೇಲೆ ಹೊಸ ತೂತು ಕಂಡಿತು.

ಮನೆಯೊಳಗೆ ಮಾತ್ರ ಅವರು ಮತ್ತೆ ಯಾವತ್ತೂ ಸೇದಲಿಲ್ಲ. ಮಳೆ ಬಂದರೂ ತೆಂಗಿನಮರದ ಬುಡದಲ್ಲಿ ಕೊಡೆ ಹಿಡಿದು ನಿಂತು ಸೇದಿ, ಬಾಯಿ ಮುಕ್ಕಳಿಸಿ, ಅಂಗಿ ಬದಲಾಯಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ದೇವರ ಎದುರು ಆಡಿದ ಮಾತು ತಪ್ಪಿತು ಎಂಬುದಷ್ಟೇ ಎಲ್ಲರ ಲೆಕ್ಕಕ್ಕೆ ಬಂತು. ನಮ್ಮಲ್ಲಿ ಹಾಗೆ ತಪ್ಪಿದವರು ತಪ್ಪುಕಾಣಿಕೆ ಹಾಕುವುದು ಕ್ರಮ. ಒಂದು ಸಲ ತಪ್ಪಿದವರು ಒಂದು ಸಲ ಹಾಕುತ್ತಾರೆ. ದಿನಾ ತಪ್ಪುವವರು ಏನು ಮಾಡಬೇಕು? ತಂಗಿ ದೇವರ ಕೋಣೆಯಲ್ಲಿ ಒಂದು ಖಾಲಿ ಬಾಟಲಿ ಇಟ್ಟಳು. ಹೊಗೆಯ ವಾಸನೆ ಬಂದಾಗಲೆಲ್ಲ ಮಾತಿಲ್ಲದೆ ಆ ಕಡೆ ಬೆರಳು ತೋರಿಸುತ್ತಿದ್ದಳು. ಭಾವ ಹೋಗಿ ಚಿಲ್ಲರೆ ಹಾಕಿ ಬರುತ್ತಿದ್ದರು. "ಬೀಡಿಗೆ ಸರ್ಕಾರದ್ ಒಂದ್ ಟ್ಯಾಕ್ಸ್, ನಿಮ್ಮ ತಂಗಿದ್ ಒಂದ್ ಟ್ಯಾಕ್ಸ್" ಎಂದು ನನ್ನ ಹತ್ತಿರ ನಗುತ್ತಿದ್ದರು.

ಬೆರಳು ತೋರಿಸುವುದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅವಳ ಬಾಯಲ್ಲಿ ಒಂದು ಮಾತು ಕೂತುಬಿಟ್ಟಿತು. "ನಮ್ಮಣ್ಣ ಬಿಡ್ಲಿಲ್ಯಾ? ಬೀಡಿ ಸಿಗ್ರೇಟ್ ಮಧ್ಯವೇ ಕೂಕಂಡ್ ಬಿಟ್ಟ. ಮನ್ಸ್ ಬೇಕ್, ಮನ್ಸ್." ನೆಂಟರ ಎದುರಿಗೆ ಹೇಳುತ್ತಿದ್ದಳು, ಮೀನು ಕೊಳ್ಳಲು ಬಂದವರ ಎದುರಿಗೆ ಹೇಳುತ್ತಿದ್ದಳು, ಮಗಳು ದೊಡ್ಡವಳಾದ ಮೇಲೆ ಅವಳ ಎದುರಿಗೂ ಹೇಳುತ್ತಿದ್ದಳು. ಅವಳನ್ನು ದೂರುವಂತಿಲ್ಲ. ಅವಳಿಗೆ ಗಂಡ ಉಳಿಯಬೇಕಿತ್ತು, ಅಣ್ಣನ ಹೆಸರು ಹೇಳಿದರಾದರೂ ನಾಟೀತು ಎಂದುಕೊಂಡಿದ್ದಳು. ನಾನು ಅಲ್ಲೇ ಇರುತ್ತಿದ್ದೆ. ಬಿಡೇ ಮಾರಾಯ್ತಿ ಎಂದು ಬಾಯಿಮಾತಿಗೆ ಹೇಳುತ್ತಿದ್ದೆ. ಒಳಗೊಳಗೆ ಹಿತವಾಗುತ್ತಿತ್ತು. ಭಾವನಿಗೆ ನನ್ನ ಅಂಗಡಿಯಲ್ಲಿ ಬೀಡಿ ಕೊಡುವುದನ್ನೂ ನಿಲ್ಲಿಸಿದ್ದೆ. "ನನ್ ಕೈಯಂಗೆ ಕೊಡುದಿಲ್ಲ ಭಾವ" ಎಂದಾಗ ಅವರು ತಲೆ ತಗ್ಗಿಸಿ ಎದುರಿನ ಗೂಡಂಗಡಿಗೆ ಹೋಗುತ್ತಿದ್ದರು. ಊರಿನವರಿಗೆಲ್ಲ ಮಾರುತ್ತಿದ್ದ ಮಹಾನುಭಾವ ನಾನು.

ಹಟ್ಟಿಯಂಗಡಿಗೆ ಮನೆಯವರೆಲ್ಲ ಹೋದಾಗ ಭಾವ ಒಳಗೆ ಬರುತ್ತಿರಲಿಲ್ಲ. "ನೀವ್ ಹೋಯಿನಿ. ನಾ ಚಪ್ಲಿ ಕಾಯ್ತೆ" ಎನ್ನುತ್ತಿದ್ದರು. ಮೊದಲು ತಮಾಷೆ ಎಂದುಕೊಂಡಿದ್ದೆ. ಒಮ್ಮೆ ಕೈಹಿಡಿದು ಎಳೆದಾಗ ಕೈ ಬಿಡಿಸಿಕೊಂಡು, "ಬ್ಯಾಡ ಭಾವ, ಮುಖ ಕಾಂಬುಕೆ ಆತಿಲ್ಲೆ" ಎಂದರು. ಹಾಗಾಗಿ ಬಾಟಲಿ ತುಂಬಿದಾಗಲೆಲ್ಲ ಅದನ್ನು ಒಳಗೆ ಒಯ್ದು ಹುಂಡಿಗೆ ಸುರಿಯುವ ಕೆಲಸ ನನ್ನದಾಯಿತು. ಅವರ ತಪ್ಪುಕಾಣಿಕೆ, ನನ್ನ ಕೈ. ಚಿಲ್ಲರೆ ಬೀಳುವ ಸದ್ದಿಗೆ ಸುತ್ತ ಇದ್ದವರು ತಿರುಗಿ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದೆ.

ಇನ್ನು ಬರೆಯಬೇಕಾದದ್ದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಹತ್ತಿರದ ಯುವಕರು ಕೆಲವರು ಸೇರಿ ತಂಬಾಕು ಬಿಡಿಸುವ ಒಂದು ಕಾರ್ಯಕ್ರಮ ಮಾಡಿದರು. ಬಿಟ್ಟವರ ಅನುಭವ ಹೇಳಲು ನನ್ನನ್ನು ಕರೆದರು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ನನಗೊಂದು ಕುರ್ಚಿ. ನನ್ನನ್ನು ಅಲ್ಲಿಗೆ ಬಿಟ್ಟದ್ದು ಭಾವನೇ, ಅವರ ಟೆಂಪೊದಲ್ಲಿ. ಮೈಕಿನ ಮುಂದೆ ನಿಂತಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಏಲಕ್ಕಿ ಹಾಕಿಕೊಂಡೆ, ಮುಗಿಯಿತು ಎಂದರೆ ಯಾರು ಚಪ್ಪಾಳೆ ತಟ್ಟುತ್ತಾರೆ? ಬಾಯಿ ತಾನಾಗಿ ಶುರುವಾಯಿತು. ಮೈಯೆಲ್ಲ ಬೆವರುತ್ತಿತ್ತು ಎಂದೆ. ಕೈ ನಡುಗುತ್ತಿತ್ತು ಎಂದೆ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು, ಊಟದ ಬಟ್ಟಲು ಗೋಡೆಗೆ ಎಸೆದಿದ್ದೆ, ಆದರೂ ಪಟ್ಟುಬಿಡದೆ ಗೆದ್ದೆ ಎಂದೆ. ಗೆದ್ದೆ ಎಂಬುದೊಂದನ್ನು ಬಿಟ್ಟರೆ ಎಲ್ಲವೂ ಭಾವನದ್ದು. ಅವರ ಸಂಕಟವನ್ನು ಎತ್ತಿಕೊಂಡು ನನ್ನ ಹೆಸರು ಬರೆದಿದ್ದೆ.

ಚಪ್ಪಾಳೆ ಜೋರಾಗಿಯೇ ಬಿತ್ತು. ನೋಡಿದರೆ ಭಾವ ಟೆಂಪೊದಲ್ಲಿರಲಿಲ್ಲ, ಶಾಮಿಯಾನದ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದರು. ಎಲ್ಲ ಕೇಳಿದ್ದರು. ವಾಪಸು ಬರುವಾಗ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ನಿಮಗೆ ಯಾವಾಗ ಮಾರಾಯ್ರೆ ಅದೆಲ್ಲ ಆದದ್ದು ಎಂದು ಕೇಳುತ್ತಾರೆ, ನಕ್ಕುಬಿಡುತ್ತಾರೆ, ನಾನೂ ನಕ್ಕರೆ ಮುಗಿಯುತ್ತದೆ ಎಂದು ಕಾದೆ. ಅವರು ಕೇಳಲಿಲ್ಲ.

"ಭಾರಿ ಲಾಯ್ಕ್ ಹೇಳ್ದ್ರಿ ಭಾವ," ಎಂದರು. ಗೇರು ಬದಲಾಯಿಸಿ ಮುಂದುವರಿಸಿದರು: "ನಂಗೆ ಆದ್ ಕಷ್ಟವೇ ನಿಮ್ಗೂ ಆಯಿತ್ತಲೆ. ಇಷ್ಟ್ ಅಂದೇಳಿ ನಂಗೆ ಗೊತ್ತೇ ಇರ್ಲಿಲ್ಲೆ. ನೀವ್ ತಡ್ಕಂಡ್ರಿ, ನನ್ ಕೈಯಂಗೆ ಆಯ್ಲಿಲ್ಲೆ. ಹಂಗಾರೆ ನಾನೇ ಉಪ್ಯೋಗ ಇಲ್ದಂವ."

ಅವರು ನಂಬಿದ್ದರು. ನನ್ನ ಮಾತು ಸುಳ್ಳಿರಬಹುದು ಎಂಬ ಅನುಮಾನ ಕೂಡ ಅವರಿಗೆ ಬರಲಿಲ್ಲ. ಅಲ್ಲಿಯವರೆಗೆ ತಂಗಿ ಬೈದಾಗ ನಗುವುದಕ್ಕೆ ಅವರ ಹತ್ತಿರ ಒಂದು ಸಣ್ಣ ಸಮಾಧಾನವಾದರೂ ಇತ್ತು: ನನಗೆ ತಮ್ಮಷ್ಟು ಕಷ್ಟ ಆಗಿರಲಿಕ್ಕಿಲ್ಲ ಎಂದು. ಅದನ್ನೂ ನಾನು ಕಿತ್ತುಕೊಂಡೆ. ಆ ದಿನ ನನ್ನನ್ನು ಅಂಗಡಿಯ ಮುಂದೆ ಇಳಿಸಿ ಹೋಗುವಾಗ ಅವರು ಬೀಡಿ ಹಚ್ಚಲಿಲ್ಲ. ಹಚ್ಚಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಮೇಲೆ ಅವರು ಎಷ್ಟು ಸಲ ಬಿಡಲು ಹೊರಟರೋ. ಮೆಡಿಕಲಿನವನು ಕೊಟ್ಟ ನಿಕೋಟಿನ್ ಗಮ್ಮು ಜಗಿದರು. "ಜಗ್ದ್ ಜಗ್ದ್ ದವಡಿ ನೋಯ್ತ್ ಬಿಟ್ರೆ ಎಂತದೂ ಇಲ್ಲೆ" ಎಂದರು. ಪ್ರತಿ ಸಲವೂ ಅದೇ ಬೆವರು, ಅದೇ ನಡುಕ, ಅದೇ ತಲೆ ತಗ್ಗಿಸುವುದು. ಪ್ರತಿ ಸಲವೂ ತಂಗಿಯ ಅದೇ ಮಾತು. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಗಿ ಊರೆಲ್ಲ ಧೂಳೆದ್ದ ಕಾಲಕ್ಕೆ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಟೆಂಪೊ ಮಾರಿದರು. ಧೂಳಿನಿಂದ ಹೀಗೆ ಎಂದು ಮೊದಲಿಗೆ ಹೇಳಿ ನೋಡಿದರು, ಯಾರೂ ಒಪ್ಪಲಿಲ್ಲ.

ಬ್ರಹ್ಮಾವರದಲ್ಲಿ ಎದೆಯ ಕಾಯಿಲೆ ನೋಡುವ ಒಬ್ಬರು ಡಾಕ್ಟರಮ್ಮ ಇದ್ದರು. ಅವರ ಹತ್ತಿರ ಭಾವನನ್ನು ನನ್ನ ಓಮ್ನಿಯಲ್ಲಿ ಕರೆದುಕೊಂಡು ಹೋದೆ. ತಂಗಿ ಬರಲಿಲ್ಲ. ಎಕ್ಸರೇ ನೋಡಿ, ಊದಿಸಿ ನೋಡಿ, ಆ ಡಾಕ್ಟರಮ್ಮ ಬೈಯಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು, ಬಿಟ್ಟಾಗ ಏನೇನಾಯಿತು, ಎಷ್ಟು ಬೇಗ ಶುರುವಾಯಿತು ಎಂದು ಒಂದೊಂದೇ ಕೇಳಿದರು. ಭಾವ ತಪ್ಪೊಪ್ಪಿಗೆಯ ಹಾಗೆ ಒಂದೊಂದೇ ಹೇಳಿದರು. ಕೊನೆಗೆ ನನ್ನ ಕಡೆ ಕೈ ತೋರಿಸಿ, "ಇವ್ರೂ ನನ್ನೊಟ್ಟಿಗೇ ಬಿಟ್ಟದ್ದ್ ಡಾಕ್ಟ್ರೆ. ಇವ್ರ್ ಗೆದ್ರ್" ಎಂದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹೌದಾ? ನಿಮಗೆ ಬಿಟ್ಟಾಗ ಏನೇನು ಆಯಿತು?"

ಮೈಕಿನ ಮುಂದೆ ಅಷ್ಟು ಹೇಳಿದವನಿಗೆ ಅಲ್ಲಿ ಆ ಸುಳ್ಳಿಗೆ ನಾಲಿಗೆ ಏಳಲಿಲ್ಲ. ಭಾವನ ಚಿಕಿತ್ಸೆ ನನ್ನ ಉತ್ತರದ ಮೇಲೆ ನಿಂತಿದ್ದರೆ ಎಂಬ ಹೆದರಿಕೆ. "ನಂಗೆ ಎಂತದೂ ಆಯ್ಲಿಲ್ಲೆ" ಎಂದೆ. "ಸ್ವಲ್ಪ ಆಕಳ್ಕಿ ಬತ್ತಿದ್ದಿತ್. ಅಷ್ಟೇ."

ಭಾವ ಮೆಲ್ಲಗೆ ತಿರುಗಿ ನನ್ನ ಮುಖ ನೋಡಿದರು. ನಾನು ಮೇಜಿನ ಮೇಲಿದ್ದ ಪೆನ್ನು ನೋಡಿದೆ.

ಡಾಕ್ಟರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಸಾವಕಾಶವಾಗಿ ವಿವರಿಸಿದರು. "ಹೊಗೆಯಲ್ಲಿ ಒಳಗೆ ಹೋದ ನಿಕೋಟಿನನ್ನು ಕರಗಿಸುವುದು ಲಿವರಿನ ಕೆಲಸ. ಕೆಲವರ ಲಿವರು ಅದನ್ನು ಬಹಳ ಬೇಗ ಕರಗಿಸುತ್ತದೆ, ಕೆಲವರದ್ದು ನಿಧಾನ. ಅದು ಹೆಚ್ಚಾಗಿ ಹುಟ್ಟಿನಿಂದ ಬಂದದ್ದು, ನಾವು ಮಾಡಿಕೊಂಡದ್ದಲ್ಲ. ಬೇಗ ಕರಗುವವರಿಗೆ ರಕ್ತದಲ್ಲಿ ಅದು ಬೇಗ ಖಾಲಿ. ಮತ್ತೆ ಬೇಕು ಅನ್ನಿಸುತ್ತದೆ, ಹೆಚ್ಚು ಸೇದುತ್ತಾರೆ, ಬಿಟ್ಟರೆ ಒದ್ದಾಟವೂ ಹೆಚ್ಚು. ನಿಧಾನದವರಿಗೆ ಒಂದು ಸೇದಿದರೆ ತುಂಬ ಹೊತ್ತು ಸಾಕಾಗುತ್ತದೆ, ಬಿಡುವುದೂ ಸುಲಭ. ಪರೀಕ್ಷೆ ಮಾಡದೆ ಖಂಡಿತ ಅಂತ ಹೇಳಲಾರೆ, ಇದೊಂದೇ ಕಾರಣ ಅಂತಲೂ ಹೇಳುವುದಿಲ್ಲ. ಆದರೆ ನೀವಿಬ್ಬರು ಹೇಳಿದ್ದು ಕೇಳಿದರೆ ನೀವು ಬೇಗದವರು, ಇವರು ನಿಧಾನದವರು ಅಂತ ಕಾಣುತ್ತದೆ. ನಿಮಗೆ ಗಮ್ಮು ಯಾಕೆ ಹಿಡಿಯಲಿಲ್ಲ ಅಂತಲೂ ಅರ್ಥವಾಗುತ್ತದೆ. ಅದರಲ್ಲಿದ್ದದ್ದೂ ನಿಕೋಟಿನ್ನೇ ಅಲ್ಲವಾ? ನಿಕೋಟಿನ್ ಇಲ್ಲದ ಬೇರೆ ಮಾತ್ರೆ ಇದೆ, ಅದು ಕೊಡುತ್ತೇನೆ."

ಭಾವನ ಮುಖದಲ್ಲಿ ಬೆಳಕು ಬಂತು. "ಹಂಗಾರೆ ಐಸ್ಪೆಟ್ಟಿ ಹಾಂಗೆ ಅಲ್ದಾ ಡಾಕ್ಟ್ರೆ? ನಂದ್ ಹಳೆ ಮರದ್ ಪೆಟ್ಟಿ. ಎಷ್ಟ್ ಐಸ್ ಹಾಕ್ರೂ ಶಿರೂರಿಗ್ ಮುಟ್ಟುಕ್ಕೊಳ್ಗೆ ನೀರ್. ಭಾವಂದ್ ಥರ್ಮಾಕೋಲ್ ಪೆಟ್ಟಿ. ಒಂದ್ ತುಂಡ್ ಹಾಕ್ರೆ ಸಂಜೆವರಿಗೆ ಇರತ್ತ್!" ಎಂದು ಜೋರಾಗಿ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ನಕ್ಕರು. ಅಷ್ಟು ಹಗುರವಾದ ನಗುವನ್ನು ಅವರ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ವಾಪಸು ಬರುವಾಗ ಮರವಂತೆಯಲ್ಲಿ ಓಮ್ನಿ ನಿಲ್ಲಿಸಲು ಹೇಳಿದರು. ಇಳಿದು ಒಂದು ಬೀಡಿ ಹಚ್ಚಿದರು. ನಾಳೆಯಿಂದ ಮಾತ್ರೆ, ಇವತ್ತಿಗೆ ಇದು ಎಂದರು. ನಾನೂ ಇಳಿದು ಪಕ್ಕದಲ್ಲಿ ನಿಂತೆ. ಅವರು ಸೇದುವಾಗ ಮುಖ ತಿರುಗಿಸದೆ ನಿಂತದ್ದು ವ್ರತ ಹಿಡಿದ ಮೇಲೆ ಅದೇ ಮೊದಲು.

"ಭಾವ, ಆವತ್ತ್ ಶಾಲಿ ಅಂಗ್ಳದಲ್ಲ್ ಮೈಕಂಗೆ ನಾ ಹೇಳದ್ದ್..." ಎಂದು ಶುರುಮಾಡಿದೆ.

"ಗೊತ್ತಾಯ್ತ್ ಬಿಡಿ," ಎಂದರು. ಕೋಪವಿರಲಿಲ್ಲ. "ಕೇಂಬುಕೆ ಲಾಯ್ಕಿದ್ದಿತ್. ನಂದೇ ಕತಿ ಆದ್ರೂ ನಂಗೆ ಹಾಂಗೆ ಹೇಳುಕೆ ಬತ್ತಿಲ್ಲೆ."

ಬೈದಿದ್ದರೆ ಚೆನ್ನಾಗಿತ್ತು. ಬೀಡಿ ಮುಗಿಯುವವರೆಗೆ ಸಮುದ್ರದ ಕಡೆ ನೋಡುತ್ತಿದ್ದು, ಆಮೇಲೆ ಹೇಳಿದರು: "ಒಂದ್ ಮಾತ್. ಡಾಕ್ಟ್ರ್ ಹೇಳದ್ದೆಲ್ಲ ನಿಮ್ಮ ತಂಗಿ ಹತ್ರ ಹೇಳ್ಬೇಡಿ."

"ಯಾಕೆ ಭಾವ? ಗೊತ್ತಾರೆ ಅವ್ಳ್ ಬೈಯುದ್ ನಿಲ್ಸ್ತ್ಳಲೆ?"

"ಅದಕ್ಕೇ ಹೇಳದ್ದ್. ಇಷ್ಟ್ ವರ್ಷ ಬೈದದ್ದೆಲ್ಲ ಅವ್ಳಿಗೇ ತಿರ್ಗಿ ಬತ್ತ್. ಬೈಸ್ಕಂಡ್ ಬೈಸ್ಕಂಡ್ ನಂಗೆ ಅಭ್ಯಾಸ ಆಯಿತ್ತ್. ಅವ್ಳಿಗ್ ಅಭ್ಯಾಸ ಇಲ್ಲೆ." ಬೀಡಿಯ ತುಂಡನ್ನು ಚಪ್ಪಲಿಯಿಂದ ಉಜ್ಜಿ, ಕೈ ಮುಂದೆ ಚಾಚಿದರು. "ಮಾತ್ ಕೊಡಿ. ನೀವ್ ಮಾತ್ ಕೊಟ್ರೆ ತಪ್ಪುವರಲ್ಲ."

ಚೇಷ್ಟೆಯೋ, ನಿಜವಾಗಿ ಹೇಳಿದ್ದೋ, ಅವರ ಮುಖ ನೋಡಿದರೆ ತಿಳಿಯಲಿಲ್ಲ. ಕೈಮೇಲೆ ಕೈ ಇಟ್ಟೆ.

ಮಾತ್ರೆ ಹಿಡಿಯಿತು. ಒದ್ದಾಟವಿಲ್ಲ ಎಂದಲ್ಲ, ಆದರೆ ಈ ಸಲದ ಒದ್ದಾಟ ಮನುಷ್ಯ ಸಹಿಸುವಂಥದ್ದು ಎಂದು ಅವರೇ ಹೇಳಿದರು. ದಿಂಬಿನ ಅಡಿಗೆ ಕೈ ಹೋಗುವುದು ನಿಂತಿತು. ಅಂಗಿಗಳಲ್ಲಿ ಹೊಸ ತೂತು ಬರುವುದು ನಿಂತಿತು. ಒಂದು ಸಂಕಷ್ಟಿಯ ದಿನ ಹಟ್ಟಿಯಂಗಡಿಗೆ ಹೋದಾಗ ಚಪ್ಪಲಿ ಬಿಟ್ಟು ತಾವೇ ಒಳಗೆ ಬಂದರು. ಬಾಟಲಿಯಲ್ಲಿ ಉಳಿದದ್ದನ್ನು ತಮ್ಮ ಕೈಯಿಂದಲೇ ಹುಂಡಿಗೆ ಹಾಕಿದರು. ತಂಗಿ ಊರೆಲ್ಲ ಸಂಭ್ರಮದಿಂದ ಹೇಳಿಕೊಂಡು ಬಂದಳು: "ಅಂತೂ ಮನ್ಸ್ ಮಾಡ್ರ್ ಕಾಣಿ. ಮೊದ್ಲೇ ಮಾಡ್ಲಕ್ಕಿದ್ದಿತ್." ಭಾವ ಪಕ್ಕದಲ್ಲೇ ಕೂತು ಹೌದು ಹೌದು ಎಂದು ನಗುತ್ತಿದ್ದರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಅವಳ ಕಣ್ಣಿಗೆ ಅವರು ತಡವಾಗಿ ಬುದ್ಧಿ ಬಂದ ಮನುಷ್ಯನಾಗಿಯೇ ಉಳಿದರು. ಅದೇ ಇರಲಿ ಎಂದುಕೊಂಡರು.

ಆದರೆ ಶ್ವಾಸಕೋಶ ಅಷ್ಟರಲ್ಲಿ ಸೋತಿತ್ತು. ಎರಡು ಮಳೆಗಾಲ ಕಳೆದರು. ಮೂರನೆಯದರ ನಡುವೆ, ಬಂದರಿನಲ್ಲಿ ದೋಣಿಗಳೆಲ್ಲ ದಡದಲ್ಲಿದ್ದ ಹೊತ್ತಿನಲ್ಲಿ, ಒಂದು ಬೆಳಿಗ್ಗೆ ಚಾ ಕುಡಿದು ಒರಗಿದವರು ಏಳಲಿಲ್ಲ.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟ ಮುಗಿದು ನೆಂಟರು ಹೊರಟಿದ್ದರು. ಜಗುಲಿಯಲ್ಲಿ ತಂಗಿ, ಅವಳ ಮಗಳು, ಅಕ್ಕಪಕ್ಕದ ನಾಲ್ಕಾರು ಹೆಂಗಸರು ಕೂತಿದ್ದರು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಒಬ್ಬಳು ಕೊನೆಗಾಲದಲ್ಲಿ ಆದರೂ ಬೀಡಿ ಬಿಟ್ಟರಲ್ಲ ಎಂದು ಸಮಾಧಾನ ಹೇಳಿದಳು. ತಂಗಿ ಸೆರಗಿನಿಂದ ಮುಖ ಒರೆಸಿಕೊಂಡು, "ಬಿಟ್ರ್. ಬಿಟ್ ಎಂತ ಪ್ರಯೋಜ್ನ? ಮನ್ಸ್ ಮಾಡಿರೆ ಆವತ್ತೇ ಬಿಡ್ಲಕ್ಕಿದ್ದಿತ್. ನಮ್ಮಣ್ಣ ಬಿಡ್ಲಿಲ್ಯಾ? ನನ್ ಮೇಲೆ, ಮಗು ಮೇಲೆ ಅಷ್ಟೂ ಮನ್ಸ್ ಇರ್ಲಿಲ್ಲೆ ಅವ್ರಿಗೆ" ಎಂದಳು.

ಹೆಂಗಸರು ನನ್ನ ಕಡೆ ನೋಡಿದರು. ಅದೇ ಹಳೆಯ ಮೆಚ್ಚುಗೆ. ಸತ್ತ ಮೇಲೂ ಆ ಮನುಷ್ಯನನ್ನು ನನ್ನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕೊಟ್ಟ ಮಾತು ನೆನಪಿತ್ತು, ಆದರೂ ಹೇಳಿದೆ. ನನಗೆ ಬಿಡುವಾಗ ಏನೂ ಆಗಲಿಲ್ಲ ಎಂದು, ತಡೆದುಕೊಂಡದ್ದೆಲ್ಲ ಸುಳ್ಳೆಂದು, ಅವರ ಮೈ ಬೇರೆ ನನ್ನ ಮೈ ಬೇರೆ ಎಂದು, ಬ್ರಹ್ಮಾವರದ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. "ಮನ್ಸ್ ಅವ್ರಿಗೆ ನನ್ಗಿಂತ ಜಾಸ್ತಿ ಇದ್ದಿತ್ ಕಾಣ್" ಎಂದೆ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

ತಂಗಿ ಅಳು ನಿಲ್ಲಿಸಿದಳು. "ಅವ್ರಿಗೆ ಇದ್ ಗೊತ್ತಿದ್ದಿತಾ?"

"ಗೊತ್ತಿದ್ದಿತ್. ಡಾಕ್ಟ್ರ್ ಹೇಳುವತಿಗೆ ಅಲ್ಲೇ ಇದ್ದಿರ್."

"ಮತ್ತೆ ನನ್ ಹತ್ರ ಹೇಳ್ಲಿಲ್ಲೆ ಯಾಕೆ?"

"ನಿಂಗೆ ಬೇಜಾರಾತ್ತ್ ಅಂದೇಳಿ. ನಿನ್ ಹತ್ರ ಹೇಳ್ಬೇಡಿ ಅಂದೇಳಿ ನಂಗೂ ಹೇಳಿದ್ರ್."

ಅವಳು ಬಹಳ ಹೊತ್ತು ಅಂಗಳದ ತೆಂಗಿನಮರದ ಕಡೆ ನೋಡುತ್ತಾ ಕೂತಳು. ಮಗಳು ಅವಳ ಕೈ ಹಿಡಿಯಲು ಹೋದಾಗ ಬಿಡಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ದನಿ ಎತ್ತದೆ ಹೇಳಿದಳು:

"ಅಣ್ಣ, ಅದನ್ನ್ ನೀ ಅವ್ರ್ ಇದ್ದಾಗ ಹೇಳ್ಕಿದ್ದಿತ್. ಇಲ್ದಿರೆ ಹೇಳ್ಲೇ ಬಾರ್ದಿತ್."